ಮಂಜಿನ ದಾರಿ, ಮಾವನ ಕೊಪ್ಪೆ

ಮಂಜು ಕವಿದ ದಾರಿಯಲ್ಲಿ ಹುಷಾರಾಗಿ ನಡೆಯಿರಿ ಎಂದು ಮೊಮ್ಮಕ್ಕಳಿಗೆ ದಿನಾ ಹೇಳುತ್ತೇನೆ. ಒಂದು ಬೆಳಗ್ಗೆ ಮಂಜಿನಲ್ಲಿ ನಾನು ಹೇಗೆ ನಡೆದೆ ಎಂಬುದನ್ನು ಮಾತ್ರ ಅವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ನನ್ನ ಮಾತಿಗೆ ಮನೆಯಲ್ಲಿ ಬೆಲೆ ಉಳಿಯುವುದಿಲ್ಲ.

ಆಗ ಯುದ್ಧದ ಕಾಲ. ಮೋಟಾರುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ನನಗೆ ಮದುವೆಯಾಗಿ ಎಂಟು ತಿಂಗಳು. ಇಪ್ಪತ್ತು ತುಂಬಿದ ಮೇಲೆ ಹಸೆಮಣೆ ಏರಿದವಳು. ನಮ್ಮ ಕಡೆ ಅದಕ್ಕೇ ಮುದಿ ಮದುಮಗಳು ಎಂದು ನಕ್ಕಿದ್ದರು. ಗಂಡನ ಮನೆ ದೊಡ್ಡೇರಿಯ ಹತ್ತಿರದ ಹಳ್ಳಿ, ತವರು ಕೊರಟಗೆರೆ. ಗಂಡನ ಮನೆಯಲ್ಲಿ ಹದಿನೇಳು ಜನ. ಹಗಲಲ್ಲಿ ಇವರ ಜೊತೆ, ಅಂದರೆ ನನ್ನ ಗಂಡನ ಜೊತೆ, ನಾನು ಮಾತಾಡುವ ಹಾಗಿಲ್ಲ, ಹೆಸರು ಹಿಡಿದು ಕರೆಯುವುದಂತೂ ಕನಸಿನಲ್ಲೂ ಇಲ್ಲ. ಮಾವನ ಎದುರು ಸೊಸೆ ನಿಲ್ಲಬಾರದು, ಸೊಸೆಯ ಜೊತೆ ಮಾವ ನೇರವಾಗಿ ಮಾತಾಡಬಾರದು. ಅವರಿಗೆ ನೀರು ಬೇಕಾದರೆ ಪಡಸಾಲೆಯ ಕಂಬದ ಕಡೆ ನೋಡಿ, "ಬಾಯಾರ್ತಾ ಐತಲ್ಲ" ಎನ್ನುವರು. ಕಂಬದ ಪರವಾಗಿ ನಾನು ಚೊಂಬು ತಂದಿಟ್ಟು ಒಳಗೆ ಓಡುತ್ತಿದ್ದೆ.

ಸಂಕ್ರಾಂತಿಗೆ ತವರಿನಿಂದ ಕರೆ ಬಂತು. ಒಂದು ತಿಂಗಳು ಇದ್ದು ಬರಲಿ ಎಂದರು. ಕಣದಲ್ಲಿ ರಾಗಿ ಒಕ್ಕುವ ಕೆಲಸ ಇದ್ದುದರಿಂದ ಇವರು ಮಧುಗಿರಿಯ ತನಕ ಗಂಟು ಹೊತ್ತು ಬರುವುದು, ಅಲ್ಲಿಂದ ಮೋಟಾರಿನಲ್ಲಿ ಮಾವ ನನ್ನನ್ನು ಕರೆದೊಯ್ಯುವುದು ಎಂದು ಗೊತ್ತಾಯಿತು. ಅಂದರೆ ಇವರ ಜೊತೆ ನನಗೆ ಸಿಗುವುದು ಮಧುಗಿರಿಯವರೆಗಿನ ನಡಿಗೆ ಮಾತ್ರ. ಅದೂ ಹೆಸರಿಗೆ ಜೊತೆ. ಎಲ್ಲರಿಗಿಂತ ಮುಂದೆ ಮಾವ, ಅವರ ಹಿಂದೆ ಇವರು, ಇಪ್ಪತ್ತು ಹೆಜ್ಜೆ ಹಿಂದೆ ತಲೆ ತಗ್ಗಿಸಿಕೊಂಡು ನಾನು. ಒಂದು ತಿಂಗಳು ಬಿಟ್ಟಿರಬೇಕಲ್ಲ, ಒಂದು ಫರ್ಲಾಂಗಾದರೂ ಪಕ್ಕದಲ್ಲಿ ನಡೆಯಬೇಕು ಎಂದು ನಾಲ್ಕು ದಿನದಿಂದ ಅದೇ ಹಂಬಲ. ಯಾರಿಗೆ ಹೇಳಲಿ?

ಹೊರಡುವ ಬೆಳಗ್ಗೆ ಬಾಗಿಲು ತೆಗೆದರೆ ಊರೇ ಇರಲಿಲ್ಲ. ಎದುರು ಮನೆ ಇಲ್ಲ, ಹುಣಸೆಮರ ಇಲ್ಲ, ಎಲ್ಲಿ ನಿಂತರೂ ಕಣ್ಣಿಗೆ ಬೀಳುವ ಮಧುಗಿರಿ ಬೆಟ್ಟವನ್ನೇ ಯಾರೋ ಎತ್ತಿಕೊಂಡು ಹೋಗಿದ್ದರು. "ಈ ಕಾವಳದಾಗೆ ಹೆಂಗೆ ಹೋಗ್ತೀರೋ ಏನೋ" ಎಂದು ಅತ್ತೆ ಪೇಚಾಡಿದರು. ನಾನೂ ಪೆಚ್ಚು ಮೋರೆ ಹಾಕಿಕೊಂಡೆ. ಒಳಗೊಳಗೆ ಮಾತ್ರ ಮಂಜು ಇನ್ನಷ್ಟು ಕವಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಊರು ದಾಟಿದ್ದೇ ತಡ, ತಲೆಯ ಮೇಲಿನ ಸೆರಗು ಇಳಿಸಿದೆ. ಮಂಜಿನಲ್ಲಿ ನಡೆಯುವುದು ಎಂಥ ನೆಮ್ಮದಿ ಅಂತೀರಿ. ಎಷ್ಟು ನಡೆದರೂ ನನ್ನ ಸುತ್ತ ಹತ್ತು ಹೆಜ್ಜೆಯಷ್ಟೇ ಲೋಕ, ಆ ಲೋಕದಲ್ಲಿ ಅತ್ತೆಯಿಲ್ಲ, ನಾದಿನಿಯಿಲ್ಲ, ಬಾವಿಕಟ್ಟೆಯ ಕಣ್ಣುಗಳಿಲ್ಲ. ಅವರೆ ಹೊಲದ ಸೊಗಡು ಮೂಗಿಗೆ ಬಡಿಯುತ್ತಿತ್ತು. ಮಂಜು ಬಿದ್ದಷ್ಟೂ ಅವರೆಗೆ ಸೊಗಡು ಹೆಚ್ಚು. ನಾಲಗೆ ಚಾಚಿ ಮಂಜಿನ ರುಚಿ ನೋಡಿದೆ. ಎರಡೂ ಕೈ ಬೀಸಿದೆ. ಕುಂಟಾಬಿಲ್ಲೆ ಆಡುವವಳಂತೆ ಒಂಟಿಕಾಲಲ್ಲಿ ಒಂದಷ್ಟು ದೂರ ಕುಪ್ಪಳಿಸಿದೆ. ಇಪ್ಪತ್ತು ವರ್ಷದ ಕತ್ತೆ.

ಕುಪ್ಪಳಿಸುತ್ತಾ ಹೋದವಳಿಗೆ ಮುಂದೆ ಒಂದು ಕರಿಯ ಆಕಾರ ಕಂಡಿತು. ಕಂಬಳಿಯನ್ನು ತಲೆಯಿಂದ ಮೊಣಕಾಲಿನವರೆಗೆ ಇಳಿಬಿಟ್ಟ ಕೊಪ್ಪೆ. ಚಳಿಗಾಲದಲ್ಲಿ ನಮ್ಮ ಕಡೆ ಗಂಡಸರೆಲ್ಲ ಹಾಗೇ, ಹಿಂದಿನಿಂದ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸವಿಲ್ಲ. ಆದರೆ ಈ ಕೊಪ್ಪೆಯ ಹೆಗಲ ಮೇಲೆ ಅತ್ತೆ ಕೆಂಪು ಸೀರೆಯಲ್ಲಿ ಕಟ್ಟಿಕೊಟ್ಟ ಗಂಟಿತ್ತು. ಗಂಟು ಹೊತ್ತವರು ಇವರೇ. ಮಾವ ಎಲ್ಲೋ ಮುಂದೆ ಹೋಗಿದ್ದಾರೆ. ಇದೇ ಸಮಯ ಎಂದು ಓಡಿಹೋಗಿ ಪಕ್ಕಕ್ಕೆ ಸೇರಿಕೊಂಡೆ. ಮಂಜು ತಲೆಗೇರಿತ್ತು, ಬಾಯಿಗೆ ಬೀಗವೇ ಇರಲಿಲ್ಲ.

"ಇಕಾ, ವಸಿ ನಿಧಾನ ನಡೀರಿ. ಎಂಟು ತಿಂಗ್ಳಾತು, ನಿಮ್ಮ ಮಖ ಬೆಳಕಲ್ಲಿ ನೆಟ್ಟಗೆ ನೋಡಿಲ್ಲ. ಒಂದ್ ತಿಂಗ್ಳು ನಾನು ಹೆಂಗಿರ್ಲಿ? ಇವತ್ತೊಂದಿನ ನಿಮ್ಮ ಪಕ್ಕದಾಗೇ ನಡೀತೀನಿ. ಮಾವಯ್ಯ ಮುಂದೆ ಹೊಂಟೋದ್ರು, ಅವ್ರಿಗೆ ಹೆಂಗೆ ಕಾಣುತ್ತೆ?"

ಕೊಪ್ಪೆಯೊಳಗಿಂದ "ಹ್ಞೂಂ" ಎಂದು ಬಂತು. ಹೆಜ್ಜೆ ಬಿರುಸಾಯಿತು. ನಾನೂ ಬಿರುಸಾದೆ.

"ಮಾವಯ್ಯ ಮುದ್ದೆ ನುಂಗೋ ಸದ್ದಿಗೆ ಬೆಕ್ಕು ಅಟ್ಟ ಹತ್ತುತ್ತೆ, ನೋಡಿದ್ದೀರಾ? ನಂಗೆ ನಗು ತಡೆಯಾಕಾಗಲ್ಲ, ಸೆರಗು ಬಾಯಿಗಿಟ್ಕೊಂಡು ಹಿತ್ತಲಿಗೆ ಓಡ್ತೀನಿ."

ಆಸಾಮಿ ಹೆಚ್ಚುಕಡಿಮೆ ಓಡುತ್ತಲೇ ಮಂಜಿನಲ್ಲಿ ಕರಗಿಹೋಯಿತು. ಮುನಿಸೇನೋ ಎಂದು ನಾನು ನಿಂತಿರುವಾಗ ಹಿಂದಿನಿಂದ ಕಾಲ ಸದ್ದು. ಪಂಚೆಯ ಮಡಿಲಲ್ಲಿ ಅವರೆಕಾಯಿ ತುಂಬಿಕೊಂಡು ಇವರು ಬಂದರು.

"ನಿಮ್ಮಪ್ಪನ ಮನೆಗೇಂತ ಕಾಯಿ ಕೀಳಾಕೆ ಹೊಲಕ್ಕಿಳಿದೆ. ಗಂಟು ಅಪ್ಪ ಇಸ್ಕೊಂಡ್ರು. ನೀನು ಯಾರ್ ಜೊತೆ ಮಾತಾಡ್ತಿದ್ದೆ?"

ಅಂದರೆ ಆ ಕೊಪ್ಪೆಯೊಳಗೆ ಇದ್ದವರು ಮಾವ! ಪಾಪ, ಆ ಮನುಷ್ಯ ತಾನು ಯಾರೆಂದು ಹೇಳುವುದಾದರೂ ಹೇಗೆ? ಹೇಳಬೇಕಾದರೆ ಸೊಸೆಯ ಜೊತೆ ಮಾತಾಡಬೇಕು. ಮಾತಾಡಲು ಅಲ್ಲಿ ಕಂಬವೂ ಇರಲಿಲ್ಲ. ನಡೆದದ್ದನ್ನು ಒಂದೊಂದಾಗಿ ಹೇಳಿದೆ. ಮುದ್ದೆಯ ವಿಷಯ ಬಂದಾಗ ಇವರು ಹೊಟ್ಟೆ ಹಿಡಿದುಕೊಂಡು ಕೂತರು, ಮಡಿಲಿನ ಅವರೆಕಾಯಿಯೆಲ್ಲ ಚೆಲ್ಲಿತು. ಭಯಕ್ಕೆ ಅಳು ಬರಬೇಕಿದ್ದ ನನಗೂ ನಗು ಬಂತು. ಬಾಯಿಗೆ ಸೆರಗು ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಕಾಯಿ ಆರಿಸುತ್ತಾ ಇಬ್ಬರೂ ನಕ್ಕೆವು. ಹಗಲಲ್ಲಿ ನಾವು ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಆಗ ಮುಂದಿನಿಂದ ಕೆಮ್ಮು ಕೇಳಿಸಿತು. ಎದ್ದು ಹೋಗಿ ನೋಡಿದರೆ ಮಾವ ನಮಗೆ ಬೆನ್ನು ಮಾಡಿ, ದಾರಿ ಬದಿಯ ಹೊಂಗೆಮರದ ಮುಂದೆ ನಿಂತಿದ್ದರು. ಮರಕ್ಕೇ ಹೇಳಿದರು: "ಮಂಜು ಇರಾಗಂಟ ಜೋಡೀಲಿ ನಡೆದ್ರೆ ದಾರಿ ತಪ್ಪಾಕಿಲ್ಲ. ನಂಗಂತೂ ಹಿಂದೆ ಏನೂ ಕಾಣಾಕಿಲ್ಲ." ಅಷ್ಟು ಹೇಳಿ ಸರಸರ ನಡೆದರು. (ತವರಿನಿಂದ ಮರಳಿದ ಮೇಲೆ ಗಮನಿಸಿದೆ, ಮುದ್ದೆ ನುಂಗುವಾಗ ಅವರ ಸದ್ದೇ ಇರಲಿಲ್ಲ. ಬೆಕ್ಕು ಪಕ್ಕದಲ್ಲೇ ಮಲಗಿತ್ತು.)

ಇವರ ಪಕ್ಕದಲ್ಲಿ ನಡೆದೆ. ಹಸಿ ಅವರೆಕಾಯಿ ಸುಲಿದು ಒಬ್ಬರ ಕೈಗೊಬ್ಬರು ಹಾಕುತ್ತಾ ಹೋದೆವು, ಅದಕ್ಕಿಂತ ಹೆಚ್ಚಿನ ಸುಖ ಆಮೇಲೂ ನನಗೆ ಗೊತ್ತಿಲ್ಲ.

ಮಧುಗಿರಿ ಇನ್ನೂ ಒಂದು ಮೈಲಿ ಇರುವಾಗಲೇ ಹಾಳಾದ ಬಿಸಿಲು ಬಂತು. ಬೆಟ್ಟ ತನ್ನ ಜಾಗಕ್ಕೆ ಬಂದು ಕೂತಿತು. ನಾನು ಸೆರಗು ಎಳೆದುಕೊಂಡು ಇಪ್ಪತ್ತು ಹೆಜ್ಜೆ ಹಿಂದೆ ಸರಿಯಬೇಕೆಂದಿದ್ದೆ. ಅಷ್ಟರಲ್ಲಿ ಎದುರಿಗೆ ಬಂದ ಗಾಡಿಯವನೊಬ್ಬ ಮಾವನನ್ನು ನೋಡಿ, "ಏನ್ ಯಜಮಾನ್ರೇ, ಇಷ್ಟ್ ಬಿಸಿಲಾಗೆ ಕೊಪ್ಪೆ?" ಎಂದ.

ಹೆಗಲ ಮೇಲೆ ಗಂಟು, ಕಂಬಳಿಯೊಳಗಿನ ಬೆವರು ಕಣಕಾಲಿಗೆ ಇಳಿಯುತ್ತಿತ್ತು. ಮಾವ ಕೊಪ್ಪೆಯನ್ನು ಮೂಗಿನವರೆಗೆ ಎಳೆದುಕೊಂಡರು.

"ಎಲ್ಲಿ ಬಿಸಿಲು ಬಂತ್ಲಾ?" ಎಂದರು. "ಮಂಜು ಇನ್ನೂ ಬುಟ್ಟಿಲ್ಲ."