ಸುತ್ತಿನ ಲೆಕ್ಕದ ಗೋಡೆ

ಆ ಗೋಡೆಗೆ ಬಣ್ಣ ಹಚ್ಚಿಸಿದವನು ನಾನೇ. ಮೇಲಿನವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಬೈಯುವುದು ಬಹಳ ಇದೆ.

ಹುಮನಾಬಾದಿನ ಒಂದು ಕೌಶಲ ತರಬೇತಿ ಕೇಂದ್ರದಲ್ಲಿ ನಾನು ಮೋಟಾರು ವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ, ಕಲಿಸುತ್ತೇನೆ. ಮನೆ ಬಸವಕಲ್ಯಾಣದಲ್ಲಿ, ದಿನಾ ಬೆಳಿಗ್ಗೆ ಬಸ್ಸು. ಕೇಂದ್ರದ ಬಾಗಿಲಲ್ಲಿ ಆಳೆತ್ತರದ ಬೋರ್ಡು ಇದೆ. ದೇಶಕ್ಕೆ ಕುಶಲ ಕೆಲಸಗಾರರು ಬೇಕು, ಇರುವವರನ್ನು ಗುರುತಿಸಬೇಕು, ಹೊಸಬರನ್ನು ತಯಾರು ಮಾಡಬೇಕು, ಅವರು ಊರಲ್ಲೇ ಉಳಿಯುವಂತೆ ನೋಡಿಕೊಳ್ಳಬೇಕು ಎಂದು ಅದರ ಮೇಲೆ ಬರೆದಿದೆ. ಓದಲು ಚೆನ್ನಾಗಿದೆ. ಒಳಗೆ ಹೋದರೆ ಒಂದು ಪ್ರೊಜೆಕ್ಟರು, ಒಂದಿಷ್ಟು ಚಾರ್ಟು, ಮತ್ತು ಗಾಜಿನ ಪೆಟ್ಟಿಗೆಯಲ್ಲಿ ಅರ್ಧ ಕತ್ತರಿಸಿಟ್ಟ ಒಂದು ಮೋಟಾರು. ಅದನ್ನು ಮುಟ್ಟುವ ಹಾಗಿಲ್ಲ. ಮುಟ್ಟದೆ ಮೋಟಾರು ಕಲಿಸುವುದು ಹೇಗೆಂದು ನಾನು ಕೇಳಿದ್ದಕ್ಕೆ, ವಿಡಿಯೋ ಇದೆಯಲ್ಲ ಎಂದರು.

ರಾಜೇಶ್ವರದಲ್ಲಿ ಬಸ್ಸು ನಿಲ್ಲುವ ಕಡೆ ಒಬ್ಬ ಅಕ್ಕನ ವೈಂಡಿಂಗ್ ಅಂಗಡಿ ಇತ್ತು. ಅಂಗಡಿ ಮೊದಲು ಅವರ ಗಂಡನದು. ಗಂಡನಿಗೆ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಅಕ್ಕನೇ ಕೂತರು. ಮೊದಮೊದಲು ಮೂಗು ಮುರಿದ ರೈತರೇ ಆಮೇಲೆ ಬೇರೆ ಕಡೆ ಹೋಗುವುದನ್ನು ಬಿಟ್ಟರು. ಬಸ್ಸು ತಡವಾದ ದಿನ ನಾನು ಅಲ್ಲಿ ನಿಂತು ನೋಡುತ್ತಿದ್ದೆ. ನಾನು ಡಿಪ್ಲೊಮಾ ಮಾಡಿದವನು, ಪುಸ್ತಕ ಓದಿದವನು, ಆದರೂ ಆ ಬೆರಳುಗಳನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಒಂದು ದಿನ ಕೇಳಿಯೇಬಿಟ್ಟೆ. ಕೇಂದ್ರದ ಹಿಂದಿನ ಕೋಣೆ ಖಾಲಿ ಇದೆ, ಅಂಗಡಿಯನ್ನು ಅಲ್ಲಿಗೇ ತನ್ನಿ, ಸುಟ್ಟ ಮೋಟಾರು ಅಲ್ಲಿಗೇ ಬರಲಿ, ನಮ್ಮ ಹುಡುಗಿಯರು ಹುಡುಗರು ನಿಮ್ಮ ಕೈ ನೋಡಿ ಕಲಿಯಲಿ.

"ಅಂಗಡಿ ಬಿಟ್ಟು ಬಂದ್ರ ನಾಳಿಗಿ ನಂದೇನ್ರಿ ಸರ್?" ಎಂದರು ಅಕ್ಕ. "ಜಹೀರಾಬಾದ್‌ದಾಗ ನಮ್ಮ ತಂಗಿ ಊರಾಗ ಒಬ್ರು ಅವ್ರ ಅಂಗಡಿಗಿ ವರ್ಷದಿಂದ ಕರಿಯಾಕತ್ತಾರ. ಇವ್ರನ್ನ ಕಟಗೊಂಡು ಪರ ಊರಿಗೆ ಹ್ಯಾಂಗ ಹೋಗೋದಂತ ಸುಮ್ನ ಇದೀನಿ."

"ಎಲ್ಲಿಗೂ ಹೋಗಬ್ಯಾಡ್ರಿ ಅಕ್ಕಾರ. ನಿಮಗ ಟ್ರೇನರ್ ಅಂತ ಆರ್ಡರ್ ಮಾಡಸ್ತೀನಿ."

"ಖಾತ್ರಿ ಏನ್ರಿ?"

"ಖಾತ್ರಿ," ಎಂದೆ. ಯಾರನ್ನೂ ಕೇಳದೆ ಹೇಳಿದ ಮಾತು ಅದು.

ಬಂದರು. ಅಂಗಡಿಯ ಜಾಗ ಮೊಬೈಲ್ ರಿಪೇರಿಯವರ ಪಾಲಾಯಿತು. ಟ್ರೇನರ್ ಆಗಲು ಸರ್ಟಿಫಿಕೇಟು ಬೇಕು, ಸರ್ಟಿಫಿಕೇಟಿಗೆ ಕೋರ್ಸು ಮಾಡಿರಬೇಕು ಎಂದು ನಿಯಮ. ಹಾಗಾಗಿ ಅಕ್ಕ ತಾವೇ ಕಲಿಸುವ ಕ್ಲಾಸಿಗೆ ವಿದ್ಯಾರ್ಥಿಯಾಗಿ ಹೆಸರು ಬರೆಸಿದರು. ಹಾಜರಿ ಕೂಗಿದಾಗ ತಂತಿ ಕೆಳಗಿಟ್ಟು, "ಹೌದ್ರಿ ಸರ್, ಬಂದೀನಿ," ಎನ್ನುತ್ತಿದ್ದರು. ಮಕ್ಕಳು ನಗುತ್ತಿದ್ದರು, ಅಕ್ಕನೂ ನಗುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಈಗ ಗೋಡೆಯ ಮಾತು. ಸುಟ್ಟ ಮೋಟಾರಿನ ಹಳೆ ತಂತಿಯನ್ನು ಬಿಚ್ಚುವಾಗ ಎಷ್ಟು ಸುತ್ತು ಇತ್ತು, ತಂತಿ ಎಷ್ಟು ದಪ್ಪ ಎಂದು ಎಣಿಸಿ ಬರೆದುಕೊಳ್ಳಬೇಕು; ಹೊಸದನ್ನು ಅದೇ ಲೆಕ್ಕಕ್ಕೆ ಸುತ್ತಬೇಕು. ಕೈಯೆಲ್ಲ ವಾರ್ನಿಷು, ಎರಡೂ ಕೈಯಲ್ಲಿ ತಂತಿ; ಪುಸ್ತಕದ ಹಾಳೆ ತಿರುವುವವರು ಯಾರು? ಅದಕ್ಕೇ ಗಂಡನ ಕಾಲದಿಂದಲೂ ಅವರು ಬರೆಯುತ್ತಿದ್ದುದು ಗೋಡೆಯ ಮೇಲೆ, ಇದ್ದಿಲಿನಿಂದ. ರಾಜೇಶ್ವರದ ಗೋಡೆಯಲ್ಲಿದ್ದದ್ದನ್ನೆಲ್ಲ ಅಂಗಡಿ ಬಿಡುವ ಮೊದಲು ಚೀಟಿಗಳಲ್ಲಿ ಇಳಿಸಿಕೊಂಡು ಬಂದು, ನಮ್ಮ ಹಿಂದಿನ ಕೋಣೆಯಲ್ಲಿ ಸ್ಟೂಲು ಹತ್ತಿ ಮೇಲಿಂದ ಕೆಳಗೆ ಬರೆದರು. ಚೀಟಿಗಳನ್ನು ಒಲೆಗೆ ಹಾಕಿದರು.

ಅದು ಕಂಪನಿಯ ಲೆಕ್ಕವಲ್ಲ. ನಿರ್ಣಾ ಊರಿನ ಒಂದು ಬದಿಯ ಹೊಲಗಳಿಗೆ ಬರುವ ಕರೆಂಟಿನಲ್ಲಿ ದಮ್ಮಿಲ್ಲ, ಕಂಪನಿ ಹೇಳಿದಷ್ಟು ಸುತ್ತಿದರೆ ಮೋಟಾರು ತಿಣುಕಿ ತಿಣುಕಿ ಸುಡುತ್ತದೆ. ಅಲ್ಲಿಗೆ ಸುತ್ತು ಕಡಿಮೆ ಮಾಡಿ ತಂತಿ ದಪ್ಪ ಹಾಕಬೇಕು. ಟ್ರಾನ್ಸ್‌ಫಾರ್ಮರಿನ ಪಕ್ಕದ ಹೊಲಕ್ಕೆ ಬೇರೆ ಲೆಕ್ಕ. ಯಾವ ಊರಿನ ಯಾವ ಲೈನಿಗೆ ಏನು ಎಂಬುದು ಪೂರಾ ಆ ಗೋಡೆಯಲ್ಲಿತ್ತು. ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಮಕ್ಕಳು ಪ್ರೊಜೆಕ್ಟರಿಗೆ ಬೆನ್ನು ಮಾಡಿ ಅದನ್ನು ಓದುತ್ತಿದ್ದರು.

ಆಗ ತಪಾಸಣೆಯ ಸುದ್ದಿ ಬಂತು. ನನ್ನದು ಗುತ್ತಿಗೆ ಕೆಲಸ, ಹನ್ನೊಂದು ತಿಂಗಳಿಗೊಮ್ಮೆ ಹೊಸ ಆದೇಶ; ತಪಾಸಣೆಯವರು ಚೆನ್ನಾಗಿ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಲ್ಲ ಗೋಡೆಗಳೂ ಸ್ವಚ್ಛವಿರಬೇಕು, ನಿಗದಿತ ಬಣ್ಣವೇ ಇರಬೇಕು, ಪ್ರತಿ ಕೋಣೆಯ ಫೋಟೋ ಕಳಿಸಬೇಕು ಎಂದು ಮೇಲಿನವರ ಫೋನಿನ ಮೇಲೆ ಫೋನು. ಭಾನುವಾರ ಪೇಂಟರನ್ನು ಕರೆಸಿದೆ. ಹಿಂದಿನ ಕೋಣೆಯ ಬಾಗಿಲಲ್ಲಿ ಅವನು, "ಇದನ್ನೂ ಹಚ್ಚಬೇಕೇನ್ರಿ?" ಎಂದು ಕೇಳಿದ. ಕೇಳಿದ್ದ, ಪಾಪ. "ಎಲ್ಲಾ ಹಚ್ಚು," ಎಂದು ಫೋನಿನಲ್ಲಿ ಮಾತಾಡುತ್ತಲೇ ಹೇಳಿದೆ. ಆ ಗೋಡೆ ನನ್ನ ತಲೆಗೆ ಬರಲೇ ಇಲ್ಲ. ಬೋರ್ಡು, ಬಣ್ಣ, ಫೋಟೋ ಇಷ್ಟೇ ತುಂಬಿತ್ತು.

ಸೋಮವಾರ ಅಕ್ಕ ಬಂದು ನೋಡಿದರು.

"ಯಾರನ್ನ ಕೇಳಿ ಹಚ್ಚಿಸಿದ್ರಿ ಸರ್?"

ಒಬ್ಬ ಹುಡುಗಿ ತನ್ನ ಮೊಬೈಲಿನಲ್ಲಿ ಗೋಡೆಯ ಫೋಟೋ ಹುಡುಕಿದಳು. ಅವಳ ಒಂದು ಸೆಲ್ಫಿಯ ಹಿಂದೆ ಗೋಡೆಯ ಒಂದು ಮೂಲೆ ಕಂಡಿತು, ಮೂರು ಸಾಲು, ಅದರಲ್ಲೂ ಒಂದು ಅವಳ ಕೂದಲ ಹಿಂದೆ. ನಾನು ಸ್ಯಾಂಡ್ ಪೇಪರ್ ತಂದು ಉಜ್ಜಲು ಶುರು ಮಾಡಿದೆ. "ಬಿಡ್ರಿ ಸರ್, ಹಿಂಗ ತಿಕ್ಕಿದ್ರ ಇದ್ದಿಲೂ ಹೋಗ್ತದ," ಎಂದರು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ತಪಾಸಣೆಯವರು ಬಂದು ಅದೇ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮೇಜಿನ ಮೇಲೆ ಬಿಚ್ಚಿಟ್ಟ ಮೋಟಾರನ್ನು ಯಾರೂ ನೋಡಲಿಲ್ಲ. ನಾನು ಅಕ್ಕನ ವಿಷಯ ತೆಗೆದೆ: ಕೋರ್ಸು ಮುಗಿದಿದೆ, ಸರ್ಟಿಫಿಕೇಟು ಬಂದಿದೆ, ಇನ್ನು ಟ್ರೇನರ್ ಆದೇಶ ಕೊಡಿ ಎಂದೆ. ಎಷ್ಟು ಓದಿದ್ದಾರೆ ಎಂದು ಕೇಳಿದರು. ಏಳನೇ ಕ್ಲಾಸು. ಹತ್ತನೇ ಪಾಸಾಗಿರಲೇಬೇಕು ಎಂದರು. ಈ ಮಕ್ಕಳಿಗೆ ಕಲಿಸಿದ್ದೇ ಅವರು ಎಂದು ನಾನು ಹೇಳಿದ್ದಕ್ಕೆ, "ಹಾಗಾದರೆ ನೀವೇನು ಮಾಡುತ್ತಿದ್ದಿರಿ?" ಎಂದು ಕೇಳಿದರು. ನನ್ನ ಹೊಸ ಆದೇಶ ನೆನಪಾಗಿ ಸುಮ್ಮನಾದೆ. ಆ ಸುಮ್ಮನಾದದ್ದನ್ನು ಅಕ್ಕ ಬಾಗಿಲ ಹತ್ತಿರ ನಿಂತು ನೋಡಿದರು.

ಮುಂದಿನ ವಾರ ಸಾಮಾನು ಕಟ್ಟಿದರು. "ಗೋಡಿ ಇದ್ದಿದ್ರ ಇಲ್ಲೇ ಏನಾರ ನೋಡ್ತಿದ್ದೆ ಸರ್. ಈಗ ಎಲ್ಲಾ ಮೊದ್ಲಿಂದ ಎಣಿಸಬೇಕು. ಎಣಿಸೋದ ಆದ್ರ ಕರೆದವ್ರ ಕಡೀನ ಎಣಿಸ್ತೀನಿ," ಎಂದರು. ಗಂಡನನ್ನು ಟೆಂಪೊದ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಡಿಯಾಚೆ ಜಹೀರಾಬಾದಿಗೆ ಹೋದರು. ಕೈ ಪಳಗಿದ ಇಬ್ಬರು ಹುಡುಗಿಯರೂ ಅವರ ಹಿಂದೆಯೇ ಹೋದರು. ನಾನು ಕರೆತಂದದ್ದು ಊರಲ್ಲೇ ಉಳಿಸಲಿಕ್ಕೆ. ನಾನು ಕರೆಯದೇ ಇದ್ದಿದ್ದರೆ ರಾಜೇಶ್ವರದ ಆ ಅಂಗಡಿ ಇವತ್ತಿಗೂ ಇರುತ್ತಿತ್ತು.

ಮಳೆಗಾಲ ಮುಗಿದ ಮೇಲೆ ನಿರ್ಣಾದ ಒಬ್ಬ ರೈತ ಮೋಟಾರು ತಂದ. ಉಳಿದ ಮಕ್ಕಳು ಪುಸ್ತಕದ ಲೆಕ್ಕಕ್ಕೆ ಸುತ್ತಿ ಕೊಟ್ಟರು. ಎಂಟು ದಿನಕ್ಕೆ ಮತ್ತೆ ಸುಟ್ಟುಕೊಂಡು ಬಂತು. ಅವನು ನನಗೇನೂ ಬೈಯಲಿಲ್ಲ. ಅಕ್ಕ ಎಲ್ಲಿದ್ದಾರೆ ಎಂದಷ್ಟೇ ಕೇಳಿದ. ಜಹೀರಾಬಾದಿನ ಅಂಗಡಿಯ ವಿಳಾಸ ಬರೆದುಕೊಟ್ಟೆ.

ವರ್ಷದ ಕೊನೆಗೆ ವರದಿ ಕಳಿಸಬೇಕಿತ್ತು. ಕೋರ್ಸು ಮುಗಿಸಿ ಕೆಲಸಕ್ಕೆ ಸೇರಿದವರು ಎಷ್ಟು ಜನ ಎಂದು ಒಂದು ಕಾಲಂ. ಎಲ್ಲಿ ಸೇರಿದರು ಎಂದು ಕೇಳುವ ಕಾಲಂ ಇಲ್ಲ. ಹಾಜರಿ ಪುಸ್ತಕದ ಪ್ರಕಾರ ಅಕ್ಕನೂ ನನ್ನ ವಿದ್ಯಾರ್ಥಿಯೇ. ಅವರ ಹೆಸರನ್ನೇ ಮೊದಲು ಬರೆದೆ. ಕೆಲಸ ಮಾಡುತ್ತಿರುವ ಫೋಟೋ ಲಗತ್ತಿಸಬೇಕು ಎಂದಿತ್ತು. ಎರಡು ದಿನ ಫೋನು ಕೈಯಲ್ಲಿ ಹಿಡಿದು ಕೆಳಗಿಟ್ಟೆ. ಮೂರನೆಯ ದಿನ ಅಕ್ಕನಿಗೆ ಮಾಡಿದೆ, ನಾಚಿಕೆ ಬಿಟ್ಟು ಫೋಟೋ ಕೇಳಿದೆ.

"ಕಳಸ್ತೀನ್ರಿ ಸರ್," ಎಂದರು ಅಕ್ಕ. "ನಿಮ್ಮ ಕಡಿ ಕಲ್ತೀನಿ ಅಂತ ಫೋಟೋದ ಕೆಳಗ ಬರೀಲೇನು?"