ಹಾಯಿಗಂಬದ ಆ ತುದಿ

ಸತ್ತವರು ಮತ್ತೆ ಬರುತ್ತಾರೆ ಎನ್ನುವವರನ್ನು ಕಂಡರೆ ನಾನು ನಗುತ್ತಿದ್ದೆ. ಮೂವತ್ತು ವರ್ಷ ರೇಷ್ಮೆ ಮಗ್ಗದ ಮುಂದೆ ನಿಂತವನು ನಾನು. ಎಳೆ ಕಡಿದರೆ, ಹುಡುಕಿದರೆ ಕಡಿದ ಜಾಗ ಸಿಕ್ಕೇ ಸಿಗುತ್ತದೆ ಎಂದು ನಂಬಿದ್ದವನು. ಅಂಥವನು ಇದನ್ನು ಬರೆಯುತ್ತಿದ್ದೇನಲ್ಲ ಎಂದು ನನಗೇ ಸಂಕೋಚ. ನೀವು ನಂಬಲೇಬೇಕೆಂದೇನೂ ಇಲ್ಲ.

ನಮ್ಮ ಒಬ್ಬಳೇ ಮಗಳು ಭಾರತಿಗೆ ಹಾಯಿದೋಣಿಯ ಹುಚ್ಚು. ಮೈಸೂರಿನಲ್ಲಿ ಸಮುದ್ರ ಎಲ್ಲಿದೆಯಮ್ಮ ಎಂದು ನೆಂಟರೆಲ್ಲ ಗೇಲಿ ಮಾಡುತ್ತಿದ್ದರು. "ಗಾಳಿ ಇಲ್ಲೂ ಬೀಸುತ್ತೆ ಕಣಪ್ಪ" ಎನ್ನುತ್ತಿದ್ದಳು ನನ್ನ ಹತ್ತಿರ. ಗೆಳತಿಯರ ಜೊತೆ ಸೇರಿ ಹಳೆಯ ದೋಣಿಯೊಂದನ್ನು ಕೊಂಡು ವರುಣಾ ಕೆರೆಯಲ್ಲಿ ಬಿಡುತ್ತಿದ್ದಳು. ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಇಪ್ಪತ್ತಾರು ವಯಸ್ಸು.

ಆಗ ದೋಣಿಯ ಹಾಯಿಗಂಬ ಕೆಸರೆಯ ನಮ್ಮ ಮನೆಯ ಪಕ್ಕದ ಸಂದಿಯಲ್ಲಿ ಮಲಗಿತ್ತು. ಹಾಯಿ ಏರಿಸುವ ಹಗ್ಗ ಆ ಪೊಳ್ಳು ಕಂಬದ ಒಳಗೇ ಹಾದುಹೋಗುತ್ತದೆ. ಸವೆದಿದೆಯೆಂದು ಬದಲಿಸಲು ಹೊಸ ಹಗ್ಗ ತಂದಿಟ್ಟಿದ್ದಳು. ಅವಳ ನೆನಪಿಗೆ ಒಮ್ಮೆ ದೋಣಿ ಇಳಿಸುತ್ತೇವೆ ಎಂದು ಗೆಳತಿಯರು ಬಂದಾಗ, ಹಗ್ಗ ನಾನೇ ಹಾಕಿಕೊಡುತ್ತೇನೆಂದೆ. ಅವಳಿಗಾಗಿ ಮಾಡಲು ಉಳಿದಿದ್ದ ಕೆಲಸ ಅದೊಂದೇ.

ಕಂಬದ ತುದಿಯಲ್ಲಿ ಹಳೆಯ ಹಗ್ಗಕ್ಕೆ ಹೊಸದನ್ನು ಸೇರಿಸಿ, ಬುಡಕ್ಕೆ ಬಂದು ಎಳೆದರೆ, ಹಳೆಯದು ಹೊಸದನ್ನು ಒಳಗೆ ಕರೆತರುತ್ತದೆ. ಮಗ್ಗಕ್ಕೆ ಹೊಸ ಹಾಸು ಕೂಡಿಸುವಾಗ ನಾವೂ ಹಳೆಯ ಎಳೆಗೆ ಹೊಸ ಎಳೆ ಗಂಟು ಹಾಕಿ ಎಳೆಯುವುದೇ. ನನಗೆ ಯಾರು ಹೇಳಿಕೊಡಬೇಕು ಎಂಬ ಜಂಭದಲ್ಲಿ ನೇಕಾರರ ಗಂಟನ್ನೇ ಹಾಕಿದೆ. ರೇಷ್ಮೆಯಲ್ಲಿ ಕಣ್ಣಿಗೆ ಕಾಣದ ಗಂಟು ಹಗ್ಗದಲ್ಲಿ ನೆಲ್ಲಿಕಾಯಿ ಗಾತ್ರವಾಗಿತ್ತು. ಗಂಟು ಹಾಕದೆ ತುದಿಗೆ ತುದಿ ಇಟ್ಟು ಹೊಲಿಯಬೇಕಿತ್ತು.

ಗಂಟು ಹೇಗೋ ಒಳಗೆ ಹೋಗಿ, ಕಂಬದ ನಡುವೆ ಸಿಕ್ಕಿಕೊಂಡಿತು. ಜೋರಾಗಿ ಎಳೆದರೆ ಬಿಚ್ಚಿಕೊಂಡು, ಅವಳು ಕೈಯಾರೆ ಹಾಯಿಸಿದ್ದ ಹಗ್ಗವೊಂದೇ ಹೊರಗೆ ಬಂದು, ಕಂಬ ಬರಿದಾಗಿಬಿಡುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆಂದು ನಡುವೆ ಟಾರ್ಪಾಲು ಕಟ್ಟಿದ್ದರಿಂದ ಆ ತುದಿ ಕಾಣುತ್ತಿರಲಿಲ್ಲ. ಅಲ್ಲಿ ಯಾರೋ ಸುಳಿದಾಡಿದ ಸದ್ದಾಯಿತು. ನಾನು ಗಂಟಿನ ಗಡಿಬಿಡಿಯಲ್ಲಿದ್ದಾಗ ಹೆಂಡತಿ ಪಕ್ಕದಿಂದ ದಾಟಿ ಹೋಗಿರಬೇಕೆಂದುಕೊಂಡು, "ಒಂಚೂರು ಹಿಂದಕ್ಕೆಳಿಯೇ" ಎಂದೆ.

ಹಗ್ಗ ನನ್ನ ಕೈಯಿಂದ ಒಂದು ಗೇಣು ಹಿಂದೆ ಸರಿಯಿತು. ಮತ್ತೆ ಸಡಿಲವಾಯಿತು. ಎಳೆದೆ, ಗಂಟು ದಾಟಿತು. ಆಮೇಲೆ ನಾನು ಎಳೆದಷ್ಟನ್ನೇ ಆ ಕಡೆಯಿಂದ ಬಿಡುತ್ತಿದ್ದರು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮಗಳು ಹೋದ ಮೇಲೆ ಮೊದಲ ಸಲ ನನ್ನ ಎದೆ ಹಗುರವಾಗಿತ್ತು. ಗಂಟು ಹೊರಗೆ ಬಂದ ಕೂಡಲೇ "ಸಾಕು, ಬುಡು" ಎಂದೆ. ಹಗ್ಗ ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಹೆಂಡತಿ ಸೊಪ್ಪಿನ ಚೀಲ ಹಿಡಿದು ಬೀದಿಯಿಂದ ಒಳಗೆ ಬಂದಳು. ಹೋಗಿ ಒಂದು ಗಂಟೆಯಾಗಿತ್ತಂತೆ. ಟಾರ್ಪಾಲು ಸರಿಸಿ ನೋಡಿದೆ, ಯಾರೂ ಇರಲಿಲ್ಲ. ಆ ಕಡೆ ಸಂದಿಗೆ ದಾರಿಯೂ ಇಲ್ಲ, ಇರುವುದು ಗೋಡೆ.

ಸಿಕ್ಕಿಕೊಂಡಿದ್ದ ಗಂಟು ತಾನಾಗಿಯೇ ಸರಿದು ದಾಟಿರಬಹುದು. ದುಃಖದಲ್ಲಿದ್ದ ನನ್ನ ಕೈಗಳಿಗೆ ಭ್ರಮೆಯಾಗಿರಬಹುದು. ವರ್ಷಗಳಿಂದ ಹೀಗೆಲ್ಲ ಹೇಳಿಕೊಂಡು ನೋಡಿದ್ದೇನೆ, ಯಾವುದೂ ಹೊಂದುವುದಿಲ್ಲ.

ಹೆಂಡತಿಗೆ ಹೇಳಲು ನನಗೆ ಹದಿನೈದು ದಿನ ಬೇಕಾಯಿತು. ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ನಿಜವಾ ಎಂದು ಕೇಳಲಿಲ್ಲ, ಅಳಲಿಲ್ಲ. ಮೊರ ಕೆಳಗಿಟ್ಟು, "ಸಾಕು ಅಂತ ಯಾಕಂದ್ರಿ?" ಎಂದಳು.