ಧರ್ಮೇಶನ ಗ್ರಾಫಿಕ್ಸ್ ಕಾರ್ಡ್

ಬಾಳಗಡಿಯ ಕಾಲೇಜಿನ ಬೆಳಗಿನ ಗಂಟೆ ಕೇಳಿದೊಡನೆ ಧರ್ಮೇಶ ತಾನು ಮಲಗುವ ಕೋಣೆಯ ಪರದೆ ಸರಿಸಿ ಈಚೆ ಬರುತ್ತಾನೆ. ಅಲ್ಲಿಗೆ ಅವನ ಮದುವೆ ವಿಡಿಯೊ ಸ್ಟುಡಿಯೊ ತೆರೆದಂತೆ. ವಿಡಿಯೊ ಬೇಗ ಸಿದ್ಧವಾಗಲು ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೆಂದು ಅವನು ಯೋಚಿಸತೊಡಗಿ ನಾಲ್ಕು ವರ್ಷವಾಯಿತು. ಆಗ ಮದುವೆಯಾದವರ ಮಕ್ಕಳು ಈಗ ಅಂಗನವಾಡಿಗೆ ಹೋಗುತ್ತಿದ್ದಾರೆ. ಯಾವ ಕಾರ್ಡಿಗೆ ಎಷ್ಟು ಬೆಲೆ, ಎಷ್ಟು ವೇಗ, ಎಷ್ಟು ಬಿಸಿ ಎಂಬುದನ್ನೆಲ್ಲ ಜಾತಕ ನೋಡಿದಂತೆ ನೋಡಿ, ಕೊನೆಗೆ ಏನಾದರೊಂದು ದೋಷ ಹುಡುಕಿ, "ಕೊಟ್ಟ ದುಡ್ಡಿಗೆ ತಕ್ಕದ್ದಲ್ಲ ಮಾರಾಯ" ಎಂದುಬಿಡುತ್ತಾನೆ. ಹಳೆಯ ಕಾರ್ಡಿನಲ್ಲಿ ಒಂದು ಮದುವೆಯ ವಿಡಿಯೊ ಸಿದ್ಧವಾಗಲು ಮೂರು ತಾಸು ಬೇಕು. ಪೆನ್‌ಡ್ರೈವ್ ಹಿಡಿದು ಬಂದವರು ಅಷ್ಟು ಹೊತ್ತೂ ಬೆಂಚಿನ ಮೇಲೆ ಕೂತು, ನಾದಿನಿಯ ಮುನಿಸಿನಿಂದ ಹಿಡಿದು ನಾಯಿಮರಿಯ ಜ್ವರದವರೆಗೆ ಎಲ್ಲವನ್ನೂ ಅವನಿಗೆ ಹೇಳುತ್ತಾರೆ. ಮದುವೆಗಳಿಲ್ಲದ ಆಷಾಢದಲ್ಲಿ ಆ ಬೆಂಚನ್ನು ಅವನು ದಿನವೂ ಒರೆಸಿಡುತ್ತಾನೆ. ಕೂರಲು ಯಾರೂ ಬರುವುದಿಲ್ಲ. ಮೊನ್ನೆ ಹಿರೇಕೊಡಿಗೆಯ ಹೊಸ ಮದುಮಗಳು ಜ್ಯೋತ್ಸ್ನಾ ಕಾದು ಕಾದು ರೇಗಿಸಿದಳು: "ಎಂತ ಧರ್ಮೇಶಣ್ಣ, ಕೊಪ್ಪದಲ್ಲಿ ಹತ್ತೇ ನಿಮಿಷಕ್ಕೆ ಕೊಡ್ತಾರಂತೆ. ತಂಗಿ ಮದುವೆದು ಅಲ್ಲಿಗೇ ಕೊಡೋದು ನಾವು." ಅವನು, "ಹತ್ತು ನಿಮಿಷ ಆದ್ರೆ ನೀವು ಕೂರೋದೇ ಇಲ್ವಲ್ಲ" ಎಂದು ಬಾಯಿತಪ್ಪಿ ಅಂದುಬಿಟ್ಟ. ಅವಳು ನಗು ನಿಲ್ಲಿಸಿ ಅವನ ಮುಖ ನೋಡಿದಳು. ಮಾನಿಟರಿನಲ್ಲಿ ಇನ್ನೂ ಶೇಕಡಾ ನಲವತ್ತು ಎಂದಿತ್ತು. ಅವನು ಗಡಬಡಿಸಿ ಎದ್ದು, "ಈ ಸೀಸನ್ ಮುಗೀಲಿ, ಹಾಕಿಸ್ತೀನಿ ಕಾರ್ಡು, ಈಗ ಕಾಫಿ ಹೇಳಿ ಬರ್ತೀನಿ, ನಿಮಗೆ ಸಕ್ಕರೆ ಎಷ್ಟು…" ಎನ್ನುತ್ತಲೇ ಮೆಟ್ಟಿಲಿಳಿದು ಹೋದ.